ಲಕ್ಕುಂಡಿಯಲ್ಲಿ ಅರಮನೆ ಹುಡುಕಬೇಡಿ, ಬಾವಿಗೆ ಇಳಿಯಿರಿ

(ಗದಗಿಗೆ ಪ್ರವಾಸ ಬಂದ ಕಾಲೇಜು ವಿದ್ಯಾರ್ಥಿಗಳಿಗೆ, ಲಕ್ಕುಂಡಿಗೆ ಹೊರಡುವ ಹಿಂದಿನ ಸಂಜೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ದೂರದಿಂದ ಬಂದಿದ್ದೀರಿ, ಈಗಷ್ಟೇ ರೊಟ್ಟಿ ಊಟ ಆಗಿದೆ, ಕಣ್ಣು ಎಳೀತಾ ಇರುತ್ತದೆ. ಬೇಗ ಮುಗಿಸುತ್ತೇನೆ.

ನಾಳೆ ನೀವು ನೋಡುವ ಊರು ಇಲ್ಲಿಂದ ಸುಮಾರು 12 ಕಿಲೋಮೀಟರ್. ಶಾಸನಗಳಲ್ಲಿ ಅದರ ಹೆಸರು ಲೊಕ್ಕಿಗುಂಡಿ. ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡ ಪಟ್ಟಣ. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಸೊರಟೂರಿನ ಯುದ್ಧದಲ್ಲಿ ದೇವಗಿರಿಯ ಸೇವುಣರ ಅರಸ ಭಿಲ್ಲಮನನ್ನು ಸೋಲಿಸಿದ. ಆಮೇಲೆ, 1192ರ ಹೊತ್ತಿಗೆ, ಲೊಕ್ಕಿಗುಂಡಿಯನ್ನೇ ತನ್ನ ನೆಲೆವೀಡು, ಅಂದರೆ ರಾಜಧಾನಿ, ಮಾಡಿಕೊಂಡ. ದ್ವಾರಸಮುದ್ರದ ಅರಸ ನಮ್ಮ ಈ ಕರಿ ಮಣ್ಣಿನ ಸೀಮೆಗೆ ಬಂದು ಕೂತ ಅಂದರೆ ಊರು ಎಂಥದ್ದಿರಬೇಕು, ಅಲ್ವಾ?

ರಾಜಧಾನಿ ಅಂದ ಕೂಡಲೇ ಅರಮನೆ ಎಲ್ಲಿ ಅಂತ ಕೇಳುತ್ತೀರಿ. ನೋಡಲಿಕ್ಕೆ ಅರಮನೆ ಉಳಿದಿಲ್ಲ. ಬಾವಿಗಳು ಉಳಿದಿವೆ. 'ನೂರೊಂದು ಗುಡಿ, ನೂರೊಂದು ಬಾವಿ' ಅಂತ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ನಮ್ಮದು ಮಳೆ ಕಡಿಮೆ ಬೀಳುವ ಕಡೆ. ಇಲ್ಲಿ ಇಷ್ಟು ಬಾವಿ ಕಟ್ಟಿಸಿದ್ದಾರೆ ಅಂದರೆ ಅಷ್ಟು ಜನ ಇದ್ದರು, ಅಷ್ಟು ದನಕರು ಇದ್ದವು, ದಿನಾ ಬಂದುಹೋಗುವ ವ್ಯಾಪಾರಿಗಳಿದ್ದರು. ಅದಕ್ಕೇ ನಾನು ಮೊದಲು ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಗೆ ಹೋಗಿ ಅನ್ನುತ್ತೇನೆ. ಮೆಟ್ಟಿಲು ಇಳಿಯುತ್ತಾ ಎರಡೂ ಕಡೆ ನೋಡಿ. ಗೋಡೆಯಲ್ಲೇ ಪುಟ್ಟ ಪುಟ್ಟ ಗುಡಿಗಳಿವೆ. ನೀರು ತರಲು ಹೋದವಳು ಕೊಡ ತುಂಬಿಕೊಳ್ಳುವ ಮೊದಲು ದೇವರ ಮುಖ ನೋಡಲಿ ಅಂತ ಕಟ್ಟಿದವರ ಮನಸ್ಸಿನಲ್ಲಿ ಇತ್ತೇನೋ. ನನಗಂತೂ ಹಾಗೇ ಅನಿಸುತ್ತದೆ.

ಟಂಕಸಾಲೆಯೂ ಈ ಊರಲ್ಲಿತ್ತು. ಇಲ್ಲಿ ಅಚ್ಚಾದ ಚಿನ್ನದ ನಾಣ್ಯಕ್ಕೆ 'ಲೊಕ್ಕಿ ಗದ್ಯಾಣ' ಅಂತ ಊರಿನ ಹೆಸರೇ ಬಂತು.

ಈಗ ಕಾಶಿವಿಶ್ವೇಶ್ವರ ಗುಡಿ. ಒಂದೇ ಜಗತಿಯ (ಎತ್ತರದ ಕಟ್ಟೆಯ) ಮೇಲೆ ಎರಡು ಗುಡಿ, ಒಂದರಲ್ಲಿ ಶಿವ, ಎದುರಿಗೆ ಸೂರ್ಯ. ಎಲ್ಲರೂ ಬಾಗಿಲವಾಡದ ಕೆತ್ತನೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಿ. ಆದರೆ ಒಂದು ಕಂಬದ ಮುಂದೆ ಐದು ನಿಮಿಷ ಸುಮ್ನೆ ನಿಲ್ಲಿ. ಕಂಬದ ನಡುವಿನಲ್ಲಿ ಬಳೆ ಜೋಡಿಸಿಟ್ಟ ಹಾಗೆ ಸಣ್ಣ ಏಣುಗಳು ಕಾಣುತ್ತವೆ. ಒಂದೊಂದೂ ಸುತ್ತಲೂ ಒಂದೇ ಸಮ. ಬರೀ ಚಾಣದಿಂದ ಹಾಗೆ ಬರುವುದಿಲ್ಲ. ಕಲ್ಲನ್ನೇ ತಿರುಗಣಿಗೆ ಹಾಕಿ, ಬುಗುರಿ ಕಡೆದ ಹಾಗೆ ಕಡೆದಿದ್ದಾರೆ. ಬಾದಾಮಿ, ಐಹೊಳೆಗಳಲ್ಲಿ ಕಟ್ಟಿದ್ದು ಮರಳುಗಲ್ಲಿನಲ್ಲಿ. ಇಲ್ಲಿಯದು ಬಳಪದ ಕಲ್ಲು. ಕೆತ್ತುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ. ಕಲ್ಲು ಬದಲಾಯಿತು, ಕೆಲಸದ ನಯವೂ ಬದಲಾಯಿತು. ಬೇಲೂರು, ಹಳೇಬೀಡು ನೋಡಿದವರಿಗೆ ಆ ನಯ ತಕ್ಷಣ ಗುರುತು ಸಿಗುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಮೊದಲ ಸಲ ಲಕ್ಕುಂಡಿಗೆ ಹೋಗಿದ್ದೆ. ಒಂದೇ ಗಂಟೆಯಲ್ಲಿ ಏಳು ಗುಡಿ ಓಡಿಸಿದರು. ನೋಟ್‌ಬುಕ್ಕಿನ ತುಂಬ ಹೆಸರು ಬರೆದುಕೊಂಡೆವು, ಒಂದು ಕಂಬವನ್ನೂ ನೋಡಲಿಲ್ಲ. ಆ ಬೇಜಾರು ನನಗೆ ಇವತ್ತಿಗೂ ಇದೆ. ಅದಕ್ಕೇ ನಿಮ್ಮ ಮೇಷ್ಟ್ರ ಹತ್ತಿರ ನಾಳೆ ಇಡೀ ದಿನ ಇಲ್ಲಿಗೇ ಕೊಡಿ ಅಂತ ಕೇಳಿಕೊಂಡಿದ್ದೇನೆ.

ಬ್ರಹ್ಮಜಿನಾಲಯಕ್ಕೆ ಹೋದಾಗ ಅತ್ತಿಮಬ್ಬೆಯನ್ನು ನೆನೆಯಿರಿ. 1007ರಲ್ಲಿ ಆ ಬಸದಿ ಕಟ್ಟಿಸಿದವಳು ಅವಳೇ. ಗಂಡ ನಾಗದೇವ ತೀರಿಕೊಂಡ ಮೇಲೆ ಅವಳು ಮೂಲೆ ಹಿಡಿದು ಕೂರಲಿಲ್ಲ. ರನ್ನನಿಂದ ಅಜಿತಪುರಾಣ ಬರೆಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿಯ ಮೇಲೆ ಚೂಪಾದ ಲೋಹದ ಕಡ್ಡಿಯಿಂದ ಒಂದೊಂದೇ ಅಕ್ಷರ ಕೊರೆಯಬೇಕಾದ ಕಾಲ ಅದು. ಎಷ್ಟು ಕೈಗಳು, ಎಷ್ಟು ದಿನ ಬರೆದಿರಬೇಕು! ಕನ್ನಡ ಓದುವ ನಾವು ಅವಳಿಗೆ ಸಾಲಗಾರರು, ನಾನು ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ.

ಶಾಸನದ ಕಲ್ಲು ಕಂಡರೆ ಎದುರಿನಿಂದ ಬ್ಯಾಟರಿ ಬಿಡಬೇಡಿ, ಏನೂ ಕಾಣುವುದಿಲ್ಲ. ಪಕ್ಕಕ್ಕೆ ಹೋಗಿ, ಕಲ್ಲಿನ ಮೈಗೆ ಒರಸಿದ ಹಾಗೆ ಬೆಳಕು ಹಾಯಿಸಿ. ಅಕ್ಷರದ ಹೊಂಡಗಳಲ್ಲಿ ನೆರಳು ಕೂರುತ್ತದೆ, ಸಾಲು ಸಾಲೇ ಎದ್ದು ನಿಲ್ಲುತ್ತದೆ. ಚಾಲುಕ್ಯರ ಶಾಸನವಾದರೆ 'ಸಮಸ್ತಭುವನಾಶ್ರಯ' ಅನ್ನುವ ಅವರ ಅರಸರ ಬಿರುದು ಹುಡುಕಿ. ಆ ಒಂದು ಪದ ಸಿಕ್ಕಿದರೆ ಉಳಿದ ಅಕ್ಷರಗಳೂ ನಿಧಾನಕ್ಕೆ ಪರಿಚಯವಾಗುತ್ತವೆ. ಸುಣ್ಣದ ಪುಡಿ, ಎಣ್ಣೆ ಹಚ್ಚುವುದು ಮಾತ್ರ ಖಂಡಿತ ಬೇಡ.

ಮ್ಯೂಸಿಯಂ ಕೊನೆಗೆ ಇಟ್ಟುಕೊಳ್ಳಿ. ಪುರಾತತ್ವ ಇಲಾಖೆಯದು, ಬಸದಿಯ ಹತ್ತಿರವೇ ಇದೆ. ಅಲ್ಲಿರುವ ಮೂರ್ತಿಗಳು ಪೀಠದ ಮೇಲೆ ಒಂಟಿಯಾಗಿ ನಿಂತಿವೆ. ಬೆಳಗ್ಗೆಯಿಂದ ಗುಡಿ ನೋಡಿ ಬಂದಿದ್ದರೆ ನಿಮಗೇ ಹೊಳೆಯುತ್ತದೆ: ಇದು ಗೂಡಿನಲ್ಲಿ ಇದ್ದದ್ದು, ಇದು ಬಾಗಿಲ ಮೇಲಿನದು, ಇದು ಕಂಬದ ತಲೆಯದು. ಒಡೆದ ಅಂಚು ನೋಡಿ. ಹಿಂಬದಿ ಕಾಣುವ ಹಾಗಿದ್ದರೆ ಅದನ್ನೂ ನೋಡಿ. ಕೆತ್ತದೆ ಒರಟಾಗಿ ಬಿಟ್ಟಿದ್ದರೆ ಆ ಕಲ್ಲು ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು ಅಂತ ತಿಳಿಯಿರಿ. ಒಬ್ಬೊಬ್ಬರು ಒಂದೇ ಮೂರ್ತಿ ಆರಿಸಿಕೊಂಡು ಅದರ ಹಳೆಯ ಜಾಗ ಯಾವುದಿರಬಹುದು ಅಂತ ಬರೆಯಿರಿ. ಸಂಜೆ ವಾಪಸ್ ಬಂದ ಮೇಲೆ ಇಲ್ಲೇ ಕೂತು ಎಲ್ಲರದೂ ಕೇಳುತ್ತೇನೆ.

ಬಸ್ಸು ಆರೂವರೆಗೆ ಹೊರಡುತ್ತದೆ. ನೀರಿನ ಬಾಟಲಿ, ಟೋಪಿ, ಬ್ಯಾಟರಿ ಮರೆಯಬೇಡಿ.