ಒಂದು ವರ್ಷದ ಖಾನ್‌ಗೆ ಒಂದು ಪೂರ್ತಿ ಎಪಿಸೋಡಾ?

ನಮಸ್ಕಾರ. ಹೋದ ವಾರ ಕಲಾತ್‌ನ ಖಾನ್, ಅಂದರೆ ಅಲ್ಲಿನ ದೊರೆ, ಶಾ ನವಾಜ್ ಖಾನ್ ಬಗ್ಗೆ ಎಪಿಸೋಡ್ ಮಾಡಿದ್ದೆ. ಅದಕ್ಕೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. 'ಒಂದು ವರ್ಷ ಕೂಡ ನೆಟ್ಟಗೆ ಆಳದ ಕೈಲಾಗದವನ ಬಗ್ಗೆ ಇಷ್ಟು ಕೊರೆಯೋದು ಯಾಕೆ?' ಅಂತೆ. ಕೂತ್ಕೊಳ್ಳಿ ಸ್ವಾಮಿ, ಇವತ್ತು ಇನ್ನೂ ಕೊರೆಯುತ್ತೇನೆ.

ಬಲೂಚಿಸ್ತಾನದ ಕಲಾತ್. 1839ರ ನವೆಂಬರ್ 13. ಬ್ರಿಟಿಷ್ ಜನರಲ್ ವಿಲ್‌ಶೈರ್‌ನ ಪಡೆ ಕೋಟೆಗೆ ನುಗ್ಗಿತು. ಖಾನ್ ಮೆಹ್ರಾಬ್ ಖಾನ್ ಕತ್ತಿ ಹಿಡಿದೇ ಸತ್ತ. ಅವನ ಮೇಲಿದ್ದ ಆರೋಪ ಏನು? ಕಾಬೂಲ್ ಕಡೆ ಹೊರಟ ಬ್ರಿಟಿಷ್ ಸೈನ್ಯಕ್ಕೆ ಬೋಲನ್ ಕಣಿವೆಯಲ್ಲಿ ಕಾಟ ಕೊಟ್ಟ ಅಂತ. ಅವನ ಮಂತ್ರಿ ಮುಲ್ಲಾ ಹಸನ್ ಒಳಗಿಂದೊಳಗೇ ಆಟ ಆಡಿದ್ದು ಆಮೇಲೆ ಬಯಲಾಯಿತು. ಆದರೆ ಖಾನ್ ಹೋಗಿದ್ದ.

ಆಗ ಗದ್ದುಗೆಗೆ ತಂದು ಕೂರಿಸಿದ್ದು ಶಾ ನವಾಜ್ ಖಾನ್‌ನನ್ನು. ಜೊತೆಗೆ ಏನು ಮಾಡಿದರು ಗೊತ್ತಾ? ಶಾಲ್ ಅಂದರೆ ಈಗಿನ ಕ್ವೆಟ್ಟಾ, ಮಸ್ತುಂಗ್, ಕಚ್ಛಿ, ಮೂರನ್ನೂ ಕಿತ್ತು, ತಾವೇ ಕಾಬೂಲಿನಲ್ಲಿ ಕೂರಿಸಿದ್ದ ದೊರೆ ಶಾ ಶುಜಾನ ಕಡೆಗೆ ಹಾಕಿದರು. ಕಚ್ಛಿ ಅಂದರೆ ಬಯಲು ಸೀಮೆ. ಬೆಟ್ಟದವರು ಚಳಿಗಾಲಕ್ಕೆ ಇಳಿದು ಬರುವ, ಕಾಳು ಬೆಳೆಯುವ ಜಾಗ. ಕಣಜ ಕಿತ್ತುಕೊಂಡು ಕಿರೀಟ ಕೊಟ್ಟರು. ಅದೇ ನಾನು ಹೇಳೋದು.

ಅಂದಹಾಗೆ ಆ ಸೀಮೆಯ ಬ್ರಾಹುಯಿ ಭಾಷೆ ನಮ್ಮ ಕನ್ನಡದ ದೂರದ ನೆಂಟ. ಎರಡಕ್ಕೆ 'ಇರಟ್', ಕಣ್ಣಿಗೆ 'ಖನ್'. ಅದಕ್ಕೆ ಬೇರೆ ಎಪಿಸೋಡ್ ಇದೆ. ಗಂಟೆ ಒತ್ತಿ, ಒತ್ತದೆ ಹೋದರೆ ಪಾಪ ಸುತ್ತಿಕೊಳ್ಳುತ್ತೆ.

'ಶಾ ನವಾಜ್‌ಗೂ ವಂಶದ ಹಕ್ಕು ಇತ್ತಲ್ವಾ, ಹಿಂದೆ ಕಲಾತ್ ಆಳಿದ್ದ ಮುಹಬ್ಬತ್ ಖಾನ್ ಕಡೆಯವನು' ಅಂತ ಇನ್ನೊಬ್ಬರು. ಇತ್ತು ಮಾರಾಯ್ರೇ, ಇತ್ತು! ವಂಶವೃಕ್ಷ ತೋರಿಸಿದರೆ ಬುಡಕಟ್ಟು ಸರದಾರರ ಹೊಟ್ಟೆ ತುಂಬುತ್ತಾ? ಅವರಿಗೆ ಹಂಚಲು ಇವನ ಹತ್ತಿರ ಏನಿತ್ತು? ಕಣಜ ಇಲ್ಲದ ಕಿರೀಟ!

1840ರಲ್ಲಿ ಸರಾವಾನ್ ಸೀಮೆಯ ಸರದಾರರು ದಂಗೆ ಎದ್ದರು. ಸತ್ತ ಖಾನ್‌ನ ಮಗನನ್ನು ಮುಂದೆ ಇಟ್ಟುಕೊಂಡು ಕಲಾತ್‌ಗೆ ಬಂದರು. ಶಾ ನವಾಜ್ ಗದ್ದುಗೆ ಬಿಟ್ಟುಕೊಟ್ಟ. ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಲವ್‌ಡೇ ಸೆರೆ ಸಿಕ್ಕ, ಆಮೇಲೆ ಕೊಲೆಯಾದ. ನವೆಂಬರಿನಲ್ಲಿ ಬ್ರಿಟಿಷರು ಕೋಟೆಯನ್ನೇನೋ ವಾಪಸ್ ಹಿಡಿದರು. ಸರಿ, ಶಾ ನವಾಜ್‌ನನ್ನೇ ಮತ್ತೆ ಕೂರಿಸಿದರಾ? ಇಲ್ಲ! 1841ರಲ್ಲಿ ಒಪ್ಪಂದ ಮಾಡಿಕೊಂಡಿದ್ದು ಆ ಮಗನ ಜೊತೆಗೇ, ಎರಡನೇ ನಾಸಿರ್ ಖಾನ್ ಜೊತೆಗೆ. ಕೈ ಎತ್ತಿ ಕೊಟ್ಟರು, ಕಚ್ಛಿ, ಮಸ್ತುಂಗ್ ಸಮೇತ! ಇವನಿಗೆ ಕೊಡದ ಊರು ಅವನಿಗೆ ಸಿಕ್ಕಿತು. ಅವನು 1857ರವರೆಗೆ ಆಳಿದ.

ಈಗ ಹೇಳಿ, ಕೈಲಾಗದವನು ಯಾರು? ಕಿತ್ತುಕೊಂಡವರು ಜಾಣರು, ಬಿದ್ದವನು ದಡ್ಡ, ಅಲ್ವಾ? ಕಣಜ, ಸ್ವಾಮಿ, ಕಣಜ! ನನಗೆ ಬಿಪಿ ಏರ್ತಿದೆ. ಇನ್ನೂ ನಾಲ್ಕು ಪಾಯಿಂಟ್ ಬರೆದುಕೊಂಡಿದ್ದೆ, ಹಾಳೆ ಎಲ್ಲೋ ಹೋಯ್ತು. ಇರಲಿ, ಅದರಲ್ಲೂ ಕಣಜವೇ ಇದ್ದಿದ್ದು.

ಮತ್ತೆ ಈಗ ನೋಡಿದೆ, ಆ ಕಾಮೆಂಟ್ ಹಾಕಿದವರು ಸಬ್‌ಸ್ಕ್ರೈಬ್ ಕೂಡ ಆಗಿಲ್ಲ.