ಆ ಊರಿನ ಹೂವಿನಂಗಡಿಗೆ ಒಂದು ಫೋನು

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ನಮ್ಮ ಚಿಕ್ಕಮ್ಮನಿಗೆ ಎಪ್ಪತ್ತು ತುಂಬಿತು. ಅವರಿರುವ ಊರು ದೂರ. ನನಗೆ ಹೋಗಲು ಆಗಲಿಲ್ಲ. ಹೂವಾದರೂ ಕಳಿಸೋಣ ಅಂತ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಮೊಬೈಲು ಹಿಡಿದು ಕೂತೆ. ಒಂದು ವೆಬ್‌ಸೈಟು, ಅದರಲ್ಲಿ ಒಂದು ಫೋಟೊ. ಕೆನೆಬಣ್ಣದ ಗುಲಾಬಿ, ನಡುನಡುವೆ ಪುಟ್ಟ ನೀಲಿ ಹೂ, ಸುತ್ತಲೂ ಬೂದುಹಸಿರು ಎಲೆ. ನೋಡಿದ ಕೂಡಲೇ ಮನಸ್ಸಿಗೆ ಹಿಡಿಸಿತು. ವಿಳಾಸ ತುಂಬಿದೆ, ದುಡ್ಡು ಕಟ್ಟಿದೆ, ನೆಮ್ಮದಿಯಾಗಿ ಮಲಗಿದೆ.

ಮಾರನೇ ದಿನ ಸಂಜೆ ಚಿಕ್ಕಮ್ಮನ ಫೋನ್ ಬಂತು. "ಹೂ ಬಂತು ಕಣೋ, ತುಂಬಾ ತುಂಬಾ ಚೆನ್ನಾಗಿದೆ" ಅಂದರು. ಎರಡು ಸಲ 'ತುಂಬಾ' ಅಂದಾಗಲೇ ನನಗೆ ಸ್ವಲ್ಪ ಅನುಮಾನ ಬರಬೇಕಿತ್ತು. ಬರಲಿಲ್ಲ. ವಾರದ ಮೇಲೆ ಅವರ ಮಗಳು ಹುಟ್ಟುಹಬ್ಬದ ಫೋಟೊಗಳನ್ನು ಕಳಿಸಿದಳು. ಮೇಜಿನ ಮೇಲೆ ನಾನು ಕಳಿಸಿದ ಹೂ. ಆರು ಕೆಂಪು ಗುಲಾಬಿ, ಮಿಣಮಿಣ ಮಿಂಚುವ ಪ್ಲಾಸ್ಟಿಕ್ ಹಾಳೆ. ಆರರಲ್ಲಿ ಎರಡು ಆಗಲೇ ಕತ್ತು ಬಾಗಿಸಿ ನೆಲ ನೋಡುತ್ತಿದ್ದವು. ಪಕ್ಕದಲ್ಲಿದ್ದ ಕಾರ್ಡನ್ನು ದೊಡ್ಡದು ಮಾಡಿ ನೋಡಿದರೆ ಚಿಕ್ಕಮ್ಮನ ಹೆಸರೇ ತಪ್ಪು.

ಸಿಟ್ಟು ಬಂತು. ಆ ಪ್ಲಾಸ್ಟಿಕ್ ಹಾಳೆಯ ಮೇಲೆ ಹೂವಿನಂಗಡಿಯ ಚೀಟಿ ಅಂಟಿಸಿತ್ತು, ಅದರಲ್ಲಿ ನಂಬರೂ ಇತ್ತು. ನೇರ ಅಲ್ಲಿಗೇ ಫೋನ್ ಮಾಡಿದೆ. ಎತ್ತಿಕೊಂಡವರು ಒಬ್ಬ ಹೆಂಗಸು. ನಾನು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿದರು. ಆಮೇಲೆ ಹೇಳಿದರು: "ನಿಮ್ಮ ಆರ್ಡರ್ ನನ್ನ ಕೈಗೆ ಬಂದಿದ್ದು ಅವತ್ತು ಬೆಳಿಗ್ಗೆ ಹತ್ತಕ್ಕೆ. ಆ ನೀಲಿ ಹೂ ಈ ಊರಿಗೆ ಬರದೇ ತಿಂಗಳಾಯ್ತು. ಹೆಸರನ್ನ ವೆಬ್‌ಸೈಟಿನವರು ಹೇಗೆ ಕಳಿಸಿದರೋ ಹಾಗೇ ಬರೆದೆ. ಇನ್ನು ನೀವು ಕಟ್ಟಿದ ದುಡ್ಡೆಷ್ಟೋ ನನಗೆ ಗೊತ್ತಿಲ್ಲ ಸಾರ್, ನನಗೆ ಬಂದಿದ್ದಕ್ಕೆ ಆರು ಗುಲಾಬಿ ಆಗುತ್ತೆ."

ಒಂದು ಕ್ಷಣ ಸುಮ್ಮನಿದ್ದು, "ನನಗೇ ಫೋನ್ ಮಾಡಬಹುದಿತ್ತಲ್ವಾ?" ಅಂದರು.

ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತು ನಿಮ್ಮ ಜೊತೆ ಮಾತಾಡಲು ಹೊರಟಿರುವುದೂ ಅದೇ ವಿಷಯ.

ಎಷ್ಟೋ ಜನ ತಿಳಿದುಕೊಂಡಿರುವುದೇನು? ವೆಬ್‌ಸೈಟಿನವರ ಹತ್ತಿರ ದೊಡ್ಡ ಗೋದಾಮು ಇರುತ್ತೆ, ಅಲ್ಲಿಂದ ಹೂ ಹೊರಡುತ್ತೆ ಅಂತ. ಕೆಲವರದ್ದು ಹಾಗೂ ಇದೆ, ಹೂವನ್ನು ಡಬ್ಬಿಯಲ್ಲಿ ಹಾಕಿ ಕೊರಿಯರ್‌ನಲ್ಲಿ ಕಳಿಸುತ್ತಾರೆ. ಆದರೆ ಇನ್ನು ಕೆಲವರ ಹತ್ತಿರ ಒಂದು ಹೂವೂ ಇರುವುದಿಲ್ಲ. ಆರ್ಡರ್ ಹಿಡಿಯುತ್ತಾರೆ, ತಮ್ಮ ಪಾಲು ಮುರಿದುಕೊಳ್ಳುತ್ತಾರೆ, ಉಳಿದಿದ್ದನ್ನು ಆ ಊರಿನ ಯಾವುದೋ ಅಂಗಡಿಗೆ ದಾಟಿಸುತ್ತಾರೆ. ಹೂವನ್ನು ಕೈಯಲ್ಲಿ ಮುಟ್ಟುವವರು ಆ ಅಂಗಡಿಯವರು. ನಾವು ಮಾತಾಡಿದ್ದು ಮಾತ್ರ ಬೇರೆಯವರ ಹತ್ತಿರ.

ಒಂದೂರಲ್ಲಿ ಆರ್ಡರ್ ಹಿಡಿದು ಇನ್ನೊಂದೂರಿಗೆ ದಾಟಿಸುವ ಈ ಏರ್ಪಾಡೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಇದನ್ನು ಶುರು ಮಾಡಿದವರೇ ಹೂವಿನಂಗಡಿಯವರು. 1908ರಲ್ಲಿ ಬರ್ಲಿನ್ನಿನ ಮ್ಯಾಕ್ಸ್ ಹ್ಯೂಬ್ನರ್ ಎಂಬ ಹೂವಿನ ವ್ಯಾಪಾರಿ ಜರ್ಮನಿಯ ಅಂಗಡಿಗಳನ್ನು ಒಟ್ಟುಗೂಡಿಸಿದರು. ಎರಡು ವರ್ಷದ ಮೇಲೆ, 1910ರಲ್ಲಿ, ಅಮೆರಿಕದ ಅಂಗಡಿಯವರೂ ಅಂಥದ್ದೇ ಒಂದು ಕೂಟ ಕಟ್ಟಿದರು. ಆಗ ಅದರ ಹೆಸರು ಫ್ಲೋರಿಸ್ಟ್ಸ್ ಟೆಲಿಗ್ರಾಫ್ ಡೆಲಿವರಿ, ಅಂದರೆ ಹೂವಿನಂಗಡಿಯವರ ತಂತಿ ಬಟವಾಡೆ. ಹೆಸರಲ್ಲೇ ಎಲ್ಲ ಇದೆ. ರೈಲಿನಲ್ಲಿ ಹೂ ಕಳಿಸಿದರೆ ದಾರಿಯಲ್ಲೇ ಬಾಡುತ್ತೆ. ತಂತಿ ಸುದ್ದಿ ಬಾಡುವುದಿಲ್ಲ. ಆದ್ದರಿಂದ ಹೂವನ್ನು ಬಿಟ್ಟು ಸುದ್ದಿಯನ್ನು ಕಳಿಸಿ, ಹೂವನ್ನು ಆ ಊರಲ್ಲೇ ಕಟ್ಟಿಸಿದರು. ಕಾಲಿಗೆ ರೆಕ್ಕೆ ಇರುವ ಮರ್ಕ್ಯುರಿ, ಅಂದರೆ ರೋಮನ್ನರ ಸುದ್ದಿ ಒಯ್ಯುವ ದೇವತೆ, ಹೂಗುಚ್ಛ ಹಿಡಿದು ಓಡುತ್ತಿರುವ ಚಿತ್ರ ನೋಡಿದ್ದೀರಾ? ಅದು ಆ ಕೂಟದ ಗುರುತು. ಎಂಥ ಜಾಣತನ ನೋಡಿ! ಆಗ ಈ ಕಡೆಯೂ ಹೂವಿನ ಅಂಗಡಿ, ಆ ಕಡೆಯೂ ಹೂವಿನ ಅಂಗಡಿ. ಇಬ್ಬರಿಗೂ ಹೂ ಗೊತ್ತು. ಈಗ ನಡುವೆ ಹೂವೇ ಗೊತ್ತಿಲ್ಲದವರೂ ಬಂದು ಕೂತಿದ್ದಾರೆ, ತಕರಾರು ಇರುವುದು ಅಷ್ಟೇ.

ಅಂದ ಹಾಗೆ, ಅದೇ 1908ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಮೆರಿಕದ ಆನಾ ಜಾರ್ವಿಸ್ ಎಂಬ ಹೆಣ್ಣುಮಗಳು ತೀರಿಹೋದ ತಾಯಿಯ ನೆನಪಿಗೆ ಗ್ರಾಫ್ಟನ್ ಎಂಬ ಊರಿನ ಚರ್ಚಿನಲ್ಲಿ ಪ್ರಾರ್ಥನೆ ಇಡಿಸಿದರು. ಅವರ ತಾಯಿ ಪಾಠ ಹೇಳುತ್ತಿದ್ದ ಚರ್ಚು ಅದು. ಮೇ 10, ಭಾನುವಾರ. ಆನಾಗೆ ಅಲ್ಲಿಗೆ ಹೋಗಲು ಆಗಲಿಲ್ಲ, ಅವರು ಫಿಲಡೆಲ್ಫಿಯಾದಲ್ಲಿದ್ದರು. ಬದಲಿಗೆ 500 ಬಿಳಿ ಕಾರ್ನೇಷನ್ ಹೂ ಕಳಿಸಿದರು. ತಾಯಿಗೆ ಇಷ್ಟವಾದ ಹೂ. ಈಗ ನಾವು ಅಮ್ಮಂದಿರ ದಿನ ಅನ್ನುವುದು ಅಲ್ಲಿಂದ ಬಂತು. 1914ರಲ್ಲಿ ಅಮೆರಿಕದ ಸರ್ಕಾರವೂ ಅದನ್ನು ಒಪ್ಪಿಕೊಂಡಿತು. ತಮಾಷೆ ಏನು ಅಂದರೆ, ಆಮೇಲೆ ಇದೇ ಆನಾ ಹೂವಿನ ವ್ಯಾಪಾರಿಗಳ ಮೇಲೆ ಹರಿಹಾಯ್ದರು. ನನ್ನ ತಾಯಿಯ ದಿನವನ್ನು ಸಂತೆ ಮಾಡಿಬಿಟ್ಟಿರಿ ಅಂತ ಕೊನೆಯವರೆಗೂ ಜಗಳ ಆಡಿದರು. ಹೋಗಲಾಗದೆ ಹೂ ಕಳಿಸಿದವರು ಅವರೂ. ಅದಕ್ಕೇ ನನಗೆ ಅವರನ್ನು ಕಂಡರೆ ಏನೋ ಒಂದು ಸಲಿಗೆ.

ಸರಿ, ಅಂಗಡಿಯ ಆ ಹೆಂಗಸಿನ ವಿಷಯಕ್ಕೆ ಬರೋಣ. ಅವರ ಜೊತೆ ಜಗಳಕ್ಕೆ ಹೋದವನು ಅರ್ಧ ಗಂಟೆ ಪಾಠ ಹೇಳಿಸಿಕೊಂಡು ಬಂದೆ.

ಮೊದಲು ಆ ಕತ್ತು ಬಾಗಿದ ಗುಲಾಬಿ. ನಾನು ಅದನ್ನು ಹಳೇ ಹೂ ಅಂದುಕೊಂಡಿದ್ದೆ. ಯಾವಾಗಲೂ ಹಾಗಿರುವುದಿಲ್ಲವಂತೆ. ಹೂವಿನ ದಂಟಿನೊಳಗೆ ನೀರು ಏರುವ ಸಣ್ಣ ಸಣ್ಣ ಕೊಳವೆಗಳಿವೆ. ಕತ್ತರಿಸಿದ ದಂಟು ಗಾಳಿಯಲ್ಲೇ ಇದ್ದರೆ ಆ ಕೊಳವೆಗೆ ಗಾಳಿಗುಳ್ಳೆ ಹೊಕ್ಕುತ್ತೆ. ಹೂದಾನಿಯ ನೀರು ಕೊಳೆತರೆ ಬ್ಯಾಕ್ಟೀರಿಯಾ ಬೆಳೆದು ಬಾಯಿ ಮುಚ್ಚುತ್ತೆ. ಹೂವಿನ ತಲೆ ಭಾರ, ಕತ್ತಿಗೆ ನೀರಿಲ್ಲ. ಬಾಗದೆ ಇನ್ನೇನು ಮಾಡುತ್ತೆ? ದಂಟಿನ ತುದಿಯನ್ನು ಎರಡು ಬೆರಳಷ್ಟು ಓರೆಯಾಗಿ ಕತ್ತರಿಸಿ, ಹೂವನ್ನು ಕಾಗದದಲ್ಲಿ ನೆಟ್ಟಗೆ ಸುತ್ತಿ, ಆಳದ ನೀರಲ್ಲಿ ಒಂದೆರಡು ತಾಸು ನಿಲ್ಲಿಸಿದರೆ ಎಷ್ಟೋ ಸಲ ತಲೆ ಎತ್ತುತ್ತದಂತೆ. ಆ ವೇಳೆಗೆ ನಮ್ಮ ಚಿಕ್ಕಮ್ಮ ಅದನ್ನು ಎಸೆದು ಆಗಿತ್ತು.

"ಫೋಟೊ ತೋರಿಸಿ ಇದೇ ಬೇಕು ಅನ್ನಬೇಡಿ" ಅಂದರು ಆಕೆ. ಫೋಟೊ ತೆಗೆದಿದ್ದು ಯಾವ ದೇಶದಲ್ಲೋ, ಯಾವ ಕಾಲದಲ್ಲೋ. "ಇವತ್ತು ನಿಮ್ಮ ಅಂಗಡಿಯಲ್ಲಿ ಯಾವ ಹೂ ಚೆನ್ನಾಗಿದೆ ಅಂತ ಕೇಳಿ. ಬಣ್ಣ ಹೇಳಿ, ಯಾರಿಗೆ ಯಾಕೆ ಅಂತ ಹೇಳಿ, ಎಷ್ಟರೊಳಗೆ ಅಂತ ಹೇಳಿ. ಉಳಿದಿದ್ದು ನಮಗೆ ಬಿಡಿ." ಯೋಚನೆ ಮಾಡಿದರೆ ಸರಿಯಾದ ಮಾತೇ. ಕೀನ್ಯಾ, ಇಥಿಯೋಪಿಯಾ, ಕೊಲಂಬಿಯಾ, ಈಕ್ವೆಡಾರ್ ದೇಶಗಳಲ್ಲಿ ಬೆಳೆದ ಗುಲಾಬಿ ವಿಮಾನ ಹತ್ತಿ, ಶೀತಲ ಲಾರಿಯಲ್ಲಿ ಕೂತು, ಹರಾಜು ದಾಟಿ ಅಂಗಡಿಗೆ ಬರುವ ಕಾಲ ಇದು. ಹಾಲೆಂಡಿನ ಆಲ್ಸ್‌ಮೇರ್ ಹೂವಿನ ಹರಾಜಿನಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ, ಮೊದಲು ಗುಂಡಿ ಒತ್ತಿದವರಿಗೆ ಮಾಲು. ಇಷ್ಟೆಲ್ಲ ಸುತ್ತಿ ಬಂದ ಹೂ ಅಂಗಡಿಯ ಬಕೆಟ್ಟಿಗೆ ಬಂದಿದ್ದು ಇವತ್ತೋ ಮೊನ್ನೆಯೋ ಅನ್ನುವುದು ಅಂಗಡಿಯವರಿಗೆ ಮಾತ್ರ ಗೊತ್ತು. ಗುಲಾಬಿಯ ಎಸಳುಗಳು ಕೂಡುವ ಬುಡವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡುತ್ತಾರೆ. ಗಟ್ಟಿ ಇದ್ದರೆ ತಾಜಾ, ಮೆತ್ತಗಿದ್ದರೆ ದಿನವಾಗಿದೆ. ಈ ಬೆರಳಿನ ಪರೀಕ್ಷೆ ಯಾವ ವೆಬ್‌ಸೈಟಿಗೂ ಬರುವುದಿಲ್ಲ.

ಹೂವನ್ನು ಅರಳಿದ ಮೇಲೆ ಕಳಿಸುವುದೋ ಮೊಗ್ಗಾಗಿ ಕಳಿಸುವುದೋ? ಇದರಲ್ಲಿ ನನಗೂ ಆಕೆಗೂ ಸ್ವಲ್ಪ ವಾದವೇ ಆಯಿತು. ಬಾಗಿಲು ತೆಗೆದಾಗ ಕಣ್ಣು ತುಂಬಬೇಕು, ಹಾಗಾಗಿ ಅರಳಿದ್ದೇ ಇರಲಿ ಅನ್ನುವುದು ನನ್ನ ಲೆಕ್ಕ. ಅರ್ಧ ಬಿಚ್ಚಿದ್ದು ಕಳಿಸಿದರೆ ಅರಳುವುದನ್ನು ದಿನಾ ನೋಡುತ್ತಾರೆ ಅನ್ನುವುದು ಆಕೆಯ ಲೆಕ್ಕ. ಗೆದ್ದವರು ಆಕೆ. ಗುಲಾಬಿಯ ಹೊರಗಿನ ಎರಡು ಮೂರು ಎಸಳು ಒರಟಾಗಿ, ಅಂಚು ಕಂದಿದಂತೆ ಕಂಡರೆ ಗಾಬರಿ ಬೇಡವಂತೆ. ಅವು ಒಳಗಿನ ಎಸಳಿಗೆ ಕಾವಲು. ಬೇಕಂತಲೇ ಬಿಟ್ಟಿರುತ್ತಾರೆ, ಮನೆಗೆ ಬಂದ ಮೇಲೆ ಕಿತ್ತರಾಯಿತು.

ಆಮೇಲೆ ಕೇಳಿದರು, "ಅವರ ಮನೇಲಿ ಹೂದಾನಿ ಇದೆಯಾ?" ಗೊತ್ತಿಲ್ಲ ಅಂದೆ. "ಬೆಕ್ಕು?" ಇದೆ, ಇಡೀ ದಿನ ಚಿಕ್ಕಮ್ಮನ ತೊಡೆ ಮೇಲೇ ಇರುತ್ತೆ ಅಂದೆ. "ಹಾಗಾದರೆ ಲಿಲ್ಲಿ ಮಾತ್ರ ಬೇಡ." ಇದು ನನಗೆ ಹೊಸದು. ನಿಮಗೂ ಗೊತ್ತಿರಲಿ. ಲಿಲ್ಲಿಯ ಎಲೆ, ಎಸಳು, ಮೈಗೆ ಅಂಟಿದ ಪರಾಗ, ಅದು ನಿಂತ ನೀರು, ಯಾವುದನ್ನು ನೆಕ್ಕಿದರೂ ಬೆಕ್ಕಿನ ಕಿಡ್ನಿ ಹಾಳಾಗಬಹುದು. ಪ್ರಾಣಕ್ಕೇ ಬರಬಹುದು. ಆಸ್ಪತ್ರೆಯಲ್ಲಿರುವವರಿಗೆ ಕಳಿಸುವುದಾದರೂ ಮೊದಲೇ ವಿಚಾರಿಸಬೇಕು. ತೀವ್ರ ನಿಗಾ ಘಟಕಕ್ಕೆ ಸಾಮಾನ್ಯವಾಗಿ ಹೂ ಬಿಡುವುದಿಲ್ಲ.

ತಲುಪಿಸುವ ವಿಷಯದಲ್ಲಿ ನಾವೆಲ್ಲ ಮಾಡುವ ತಪ್ಪು ಒಂದೇ. ಆಶ್ಚರ್ಯಪಡಿಸಬೇಕು ಅಂತ, ಪಡೆಯುವವರ ಫೋನ್ ನಂಬರನ್ನು ಕೊಡುವುದೇ ಇಲ್ಲ. ಹುಡುಗ ಹೋದಾಗ ಮನೆಗೆ ಬೀಗ. ಹೂ ಬಾಗಿಲ ಮುಂದೆ ಬಿಸಿಲಲ್ಲಿ ಕೂರುತ್ತೆ. ಸಂಜೆಗೆ ಆಶ್ಚರ್ಯ ಆಗುವುದಂತೂ ಹೌದು, ಆದರೆ ನಾವು ಅಂದುಕೊಂಡಂಥದ್ದಲ್ಲ. ನಂಬರು ಕೊಡಿ, ಹೂ ಅಂತ ಹೇಳಬೇಡಿ ಅಂದರೆ ಆಯಿತು. ಫೆಬ್ರವರಿ 14ರಂಥ ದಿನಕ್ಕೆ ಬೇಕಿದ್ದರೆ ನಾಲ್ಕೈದು ದಿನ ಮೊದಲೇ ಹೇಳಿ. ಇಲ್ಲವೇ ಗುಲಾಬಿಯ ಹಠ ಬಿಡಿ.

ಕಾರ್ಡಿನ ಮಾತನ್ನು ಫೋನಲ್ಲಿ ಹೇಳಬೇಡಿ, ಬರೆದು ಕಳಿಸಿ. ಹೆಸರನ್ನು ಅಕ್ಷರ ಅಕ್ಷರ ನೋಡಿ. ಮತ್ತೆ, ನಿಮ್ಮ ಹೆಸರನ್ನು ಮರೆಯಬೇಡಿ. ನಗಬೇಡಿ. 'ಪ್ರೀತಿಯಿಂದ' ಅಂತ ಬರೆಸಿ ಯಾರ ಪ್ರೀತಿ ಅಂತ ಹೇಳದವರು ಬೇಕಾದಷ್ಟು ಜನ ಇದ್ದಾರಂತೆ. ಹೂ ಬಂದ ಮನೆಯಲ್ಲಿ ಅವತ್ತಿಡೀ ಅದೇ ಚರ್ಚೆ.

ಹೂ ಪಡೆದವರಿಗೂ ಕೆಲಸ ಇದೆ. ನೀರಿನೊಳಗೆ ಮುಳುಗುವ ಎಲೆ ಕಿತ್ತುಬಿಡಬೇಕು, ಇಲ್ಲದಿದ್ದರೆ ಕೊಳೆಯುತ್ತೆ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ದಂಟಿನ ತುದಿ ಸ್ವಲ್ಪ ಕತ್ತರಿಸಬೇಕು. ಜೊತೆಗೆ ಬರುವ ಪುಟ್ಟ ಪುಡಿ ಪೊಟ್ಟಣವನ್ನು ಸುಮ್ನೆ ಎಸೆಯಬೇಡಿ. ಅದರಲ್ಲಿ ಹೂವಿಗೆ ಸಕ್ಕರೆ, ನೀರಿಗೆ ಸ್ವಲ್ಪ ಹುಳಿ, ಬ್ಯಾಕ್ಟೀರಿಯಾಕ್ಕೆ ಮದ್ದು ಮೂರೂ ಇರುತ್ತೆ. ಹೂದಾನಿಯನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ. ಚಿತ್ರದಲ್ಲಿ ಹಣ್ಣೂ ಹೂವೂ ಜೊತೆಗಿದ್ದರೆ ಚೆಂದ. ಆದರೆ ಮಾಗುವ ಹಣ್ಣು ಎಥಿಲೀನ್ ಅನಿಲ ಬಿಡುತ್ತೆ. ಅದು ಸೋಕಿದರೆ ಕಾರ್ನೇಷನ್ ಹೂವಿನ ಎಸಳು ಒಳಮುಖವಾಗಿ ಮುದುಡಿಕೊಳ್ಳುತ್ತೆ, ನಿದ್ದೆ ಬಂದ ಮಗುವಿನ ಹಾಗೆ. ಮತ್ತೆ ಏಳುವುದಿಲ್ಲ.

ಈ ವರ್ಷ ಚಿಕ್ಕಮ್ಮನಿಗೆ ಎಪ್ಪತ್ತೊಂದು. ಐದು ದಿನ ಮೊದಲೇ ಅದೇ ಅಂಗಡಿಗೆ ಫೋನ್ ಮಾಡಿದೆ. ದನಿ ಕೇಳಿದ ಕೂಡಲೇ ಆಕೆ ಗುರುತು ಹಿಡಿದರು. "ಬೆಕ್ಕಿನ ಮನೆ" ಅಂದರು. ಯಾವ ಹೂ ಚೆನ್ನಾಗಿದೆ ಅಂತ ಕೇಳಿದೆ. ಬಿಳಿ ಕಾರ್ನೇಷನ್, ಹಳದಿ ಸೇವಂತಿಗೆ ಅಂದರು. ನಾನಾಗಿದ್ದರೆ ಅದನ್ನು ಆರಿಸುತ್ತಲೇ ಇರಲಿಲ್ಲ. ಸೇವಂತಿಗೆಯನ್ನು ಯಾರಾದರೂ ಉಡುಗೊರೆ ಕೊಡುತ್ತಾರಾ ಅಂದುಕೊಂಡೆ. ಆದರೂ ಬಾಯಿ ಮುಚ್ಚಿಕೊಂಡೆ. ಕಟ್ಟಿದ ಮೇಲೆ ಫೋಟೊ ಕಳಿಸಿದರು. ಕಂದು ಕಾಗದ, ಒಂದು ನೂಲು, ಅಷ್ಟೇ.

ಅವತ್ತು ಚಿಕ್ಕಮ್ಮ "ಹೂ ಬಂತು" ಅಂದರು. 'ತುಂಬಾ' ಅನ್ನುವ ಮಾತೇ ಇಲ್ಲ. ನನಗೆ ಎದೆ ಧಸಕ್ ಅಂತು. ಹನ್ನೆರಡನೇ ದಿನ ಮತ್ತೆ ಅವರೇ ಫೋನ್ ಮಾಡಿದರು.

"ಎಲ್ಲ ಹೋಯ್ತು ಕಣೋ, ಒಂದು ಕಾರ್ನೇಷನ್ ಇನ್ನೂ ನಿಂತಿದೆ. ದಂಟು ಗಿಡ್ಡ ಆಯ್ತು, ಅದಕ್ಕೇ ಲೋಟಕ್ಕೆ ಹಾಕಿದೀನಿ. ಈ ಸಲ ನನ್ನ ಹೆಸರನ್ನ ಸರಿಯಾಗಿ ಬರೆದಿದ್ರು ಪಾಪ."

"ಹೋದ ಸಲದ್ದು ತುಂಬಾ ಚೆನ್ನಾಗಿದೆ ಅಂದಿದ್ರಲ್ಲ ಚಿಕ್ಕಮ್ಮ?" ಅಂದೆ.

"ಅಂದಿದ್ದೆ" ಅಂದರು.

ನಮಸ್ಕಾರ.