ಮಂಡಿಯಲ್ಲಿ ಕೂತ ಮನಸ್ಸು

ಕೇಳುಗರಿಗೆ ನಮಸ್ಕಾರ.

ಒಂದು ಸಣ್ಣ ಪರೀಕ್ಷೆ ಹೇಳುತ್ತೇನೆ. ಈ ಮಾತು ಕೇಳುತ್ತಲೇ ಮಾಡಬಹುದು. ಒಲೆಯ ಮೇಲೆ ಹಾಲಿಟ್ಟವರು ಮಾತ್ರ ಬೇಡ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿಕೊಂಡು ಅಲುಗಾಡದೆ ಕೂತುಕೊಳ್ಳಿ. ಮೊದಲ ನಿಮಿಷ ಎಲ್ಲ ಸಲೀಸು. ಆಮೇಲೆ ಮೂಗಿನ ತುದಿ ತುರಿಸುತ್ತದೆ. ಸೊಂಟ ಹಿಡಿದಂತಾಗಿ ಬೆನ್ನು ತಾನಾಗಿ ಬಾಗುತ್ತದೆ. ಹತ್ತು ನಿಮಿಷವಾಗುವಷ್ಟರಲ್ಲಿ ಒಂದು ಕಾಲು ಜೋಮು ಹಿಡಿದಿರುತ್ತದೆ. ಇನ್ನು ಧ್ಯಾನ ಎಲ್ಲಿಂದ ಬರಬೇಕು? ಮನಸ್ಸು ಪೂರ್ತಿ ಮಂಡಿಗೆ ಹೋಗಿ ಕೂತಿರುತ್ತದೆ.

ನಾನು ಆಸನ ಕಲಿಯಲು ಹೋದದ್ದೇ ಈ ಮಂಡಿಯ ದೆಸೆಯಿಂದ. ಧ್ಯಾನಕ್ಕೆಂದು ಕೂತವನು ದಿನಾ ಕಾಲು ಉಜ್ಜಿಕೊಂಡು ಏಳುತ್ತಿದ್ದೆ. ಆಗ ಗೊತ್ತಾದ ಒಂದು ಸಂಗತಿ ನನಗೆ ಇವತ್ತಿಗೂ ಸೋಜಿಗ. ಪತಂಜಲಿಯ ಯೋಗಸೂತ್ರಗಳು ಒಟ್ಟು 195. ಕೆಲವು ಪ್ರತಿಗಳಲ್ಲಿ 196. ಅದರಲ್ಲಿ ಆಸನಕ್ಕೆ ಮೀಸಲಾದವು ಮೂರೇ ಮೂರು. ‘ಸ್ಥಿರಸುಖಮಾಸನಮ್’ ಎನ್ನುವುದು ಮೊದಲನೆಯದು: ಅಲುಗಬಾರದು, ಹಿತವಾಗಿಯೂ ಇರಬೇಕು. ಎರಡನೆಯದು, ಪ್ರಯತ್ನ ಸಡಿಲಾಗಿ ಮನಸ್ಸು ಅನಂತದಲ್ಲಿ ನೆಲೆಸಿದರೆ ಅದು ಕೈಗೂಡುತ್ತದೆ ಎನ್ನುತ್ತದೆ. ಮೂರನೆಯದು, ಆಗ ಚಳಿ–ಸೆಕೆಯಂಥ ದ್ವಂದ್ವಗಳ ಪೆಟ್ಟು ತಾಗದು ಎನ್ನುತ್ತದೆ. ಮುಗಿಯಿತು. ಒಂದು ಭಂಗಿಯ ಹೆಸರೂ ಅಲ್ಲಿಲ್ಲ.

ಹೆಸರುಗಳು ಬರುವುದು ಈ ಸೂತ್ರಗಳನ್ನು ವಿವರಿಸುವ ವ್ಯಾಸಭಾಷ್ಯದಲ್ಲಿ. ಪದ್ಮಾಸನ, ವೀರಾಸನ, ದಂಡಾಸನ ಇವುಗಳ ನಡುವೆ ‘ಸೋಪಾಶ್ರಯ’ ಅಂತ ಒಂದಿದೆ. ಅಂದರೆ ಆಸರೆ ಸಹಿತ ಕೂರುವುದು. ಆ ಆಸರೆ ಯೋಗಪಟ್ಟ ಎಂದು, ಭಾಷ್ಯಕ್ಕೆ ಟೀಕೆ ಬರೆದ ವಾಚಸ್ಪತಿ ಮಿಶ್ರರು ಬಿಡಿಸಿ ಹೇಳಿದರು. ಯೋಗಪಟ್ಟ ಹೇಗಿರುತ್ತದೆಂದು ನೋಡಬೇಕೆ? ಹಂಪಿಗೆ ಹೋಗಿ. 1528ರಲ್ಲಿ ಕೃಷ್ಣದೇವರಾಯನ ಕಾಲದಲ್ಲಿ ಕಡೆದ ಆ ಭಾರೀ ನರಸಿಂಹನ ಕಣ್ಣು, ಕೋರೆಹಲ್ಲು ಬಿಟ್ಟು ಸ್ವಲ್ಪ ಕೆಳಗೆ ನೋಡಿ. ಎತ್ತಿ ಮಡಿಸಿದ ಎರಡು ಮಂಡಿಗಳನ್ನೂ ಸೇರಿಸಿ ಕಟ್ಟಿದ ಒಂದು ಪಟ್ಟಿ ಕಾಣುತ್ತದೆ. ಮೇಲುಕೋಟೆ ಬೆಟ್ಟದ ಯೋಗಾನರಸಿಂಹನದೂ ಅದೇ ಕೂರುವಿಕೆ. ಕಂಬ ಸೀಳಿಕೊಂಡು ಬಂದವನಿಗೂ ನಿಶ್ಚಲವಾಗಿ ಕೂರಲು ಪಟ್ಟಿ ಬೇಕಾಯಿತು! ಹೀಗಿರುವಾಗ ನಾವು ಪೃಷ್ಠದ ಕೆಳಗೆ ಒಂದು ಕಂಬಳಿ ಮಡಿಸಿ ಇಟ್ಟುಕೊಳ್ಳಲು ನಾಚುವುದೇಕೋ.

ಆ ಕಂಬಳಿಯ ವಿಚಾರ ಸ್ವಲ್ಪ ಹೇಳಬೇಕು. ನಾಲ್ಕು ಬೆರಳು ಎತ್ತರಕ್ಕೆ ಮಡಿಸಿ, ಅದರ ಅಂಚಿನ ಮೇಲೆ ಕೂತು, ಮಡಿಸಿದ ಕಾಲನ್ನು ಮುಂದೆ ನೆಲಕ್ಕೆ ಬಿಡಬೇಕು. ಸೊಂಟ ಮಂಡಿಗಿಂತ ಮೇಲಾದ ತಕ್ಷಣ ಮಂಡಿ ತಾನಾಗಿ ಕೆಳಗಿಳಿಯುತ್ತದೆ, ಬೆನ್ನನ್ನು ಎಳೆದು ನಿಲ್ಲಿಸುವ ಕಷ್ಟ ತಪ್ಪುತ್ತದೆ. ಪ್ರಯತ್ನ ಸಡಿಲಾಗುವುದು ಅಂದರೇನೆಂದು ನನಗೆ ತಿಳಿದದ್ದು ಭಾಷ್ಯದಿಂದಲ್ಲ, ಈ ಕಂಬಳಿಯಿಂದ.

ಹಾಗಾದರೆ ಬಾಗುವ, ತಿರುಚುವ ಇಷ್ಟೆಲ್ಲ ಆಸನಗಳು ಯಾಕೆ? 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಹುಡುಗರ ಬೆವರಿಳಿಸುವಂಥ ಅಭ್ಯಾಸ ಅದು. ಅವರಲ್ಲಿ ಕಲಿತ ಪಟ್ಟಾಭಿ ಜೋಯಿಸರು, ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ಅದನ್ನು ಕಡಲಾಚೆಗೂ ದಾಟಿಸಿದರು. ದೂರದಿಂದ ನೋಡುವವರಿಗೆ ಬೆವರಷ್ಟೇ ಕಾಣುತ್ತದೆ. ಮಾಡುವವನಿಗೆ ಗೊತ್ತಾಗುವುದು ಬೇರೆ: ತೊಡೆಸಂದು ಬಿಟ್ಟುಕೊಡುತ್ತದೆ, ಭುಜ ಇಳಿಯುತ್ತದೆ, ಉಸಿರಿಗೆ ಜಾಗವಾಗುತ್ತದೆ. ಕಾಲು ಎಷ್ಟು ಎತ್ತರಕ್ಕೆ ಹೋಯಿತು ಎಂಬ ಲೆಕ್ಕ ನನಗಂತೂ ಬೇಡ. ಆಸನವೆಲ್ಲ ಮುಗಿಸಿ ಸುಮ್ಮನೆ ಕೂತಾಗ ನಿನ್ನೆಗಿಂತ ಎರಡು ನಿಮಿಷ ಹೆಚ್ಚು ಕೂತೆನೇ, ಅದು ಲೆಕ್ಕ.

ಆಮೇಲೆ ಪ್ರಾಣಾಯಾಮ. ಇದಕ್ಕೆ ಪತಂಜಲಿ ಐದು ಸೂತ್ರ ಕೊಟ್ಟು, ಧಾರಣೆಗೆ, ಅಂದರೆ ಒಂದೇ ಕಡೆ ನಿಲ್ಲುವುದಕ್ಕೆ, ಮನಸ್ಸಿನ ಯೋಗ್ಯತೆ ಇದರಿಂದ ಬರುತ್ತದೆ ಎನ್ನುತ್ತಾನೆ. ಯೋಗ್ಯತೆ ಅಷ್ಟೇ, ಧ್ಯಾನವೇ ಬಂತು ಅಂತಲ್ಲ. ಬಲಗೈ ಹೆಬ್ಬೆರಳಿನಿಂದ ಬಲಹೊಳ್ಳೆ ಮುಚ್ಚಿ ಎಡದಿಂದ ಎಳೆದು, ಉಂಗುರಬೆರಳಿನಿಂದ ಎಡಹೊಳ್ಳೆ ಮುಚ್ಚಿ ಬಲದಿಂದ ಬಿಟ್ಟು, ಮತ್ತೆ ಬಲದಿಂದ ಎಳೆದು ಎಡದಿಂದ ಬಿಡುವುದು. ಪಕ್ಕದಲ್ಲಿ ಕೂತವರಿಗೆ ಸದ್ದು ಕೇಳಬಾರದು. ಉಸಿರು ಹಿಡಿದು ನಿಲ್ಲಿಸುವ ಕುಂಭಕವನ್ನು ಮಾತ್ರ ಗುರುಗಳ ಎದುರಿಗೇ ಕಲಿಯಬೇಕು. ರೇಡಿಯೋ ಕೇಳಿ ಶುರುಮಾಡಬೇಡಿ.

ಇನ್ನು ಪ್ರತ್ಯಾಹಾರ, ಅಂದರೆ ಇಂದ್ರಿಯಗಳು ಹೊರಗಿನ ವಿಷಯಗಳಿಂದ ಹಿಂದೆಗೆಯುವುದು. ನಾನು ಕೂರುವ ಜಾಗ ಅಡಿಗೆಮನೆಯ ಗೋಡೆಗೆ ಹೊಂದಿಕೊಂಡಿದೆ. ಬೆಳಗ್ಗೆ ಕುಕ್ಕರ್ ಕೂಗು ಎಣಿಸುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿತ್ತು. ವರ್ಷಗಟ್ಟಲೆ ತಪ್ಪದೆ ಎಣಿಸಿದೆ, ಕಣ್ಣು ಮುಚ್ಚಿಕೊಂಡೇ. ಮೊನ್ನೆ ಒಂದು ದಿನ ನನ್ನವಳು ಹಿತ್ತಲಿಂದ ಬಂದು, “ಎಷ್ಟು ಕೂಗಿತು ರೀ?” ಅಂದಳು. ಒಂದೂ ಕೇಳಿರಲಿಲ್ಲ. ಬೇಳೆ ತಳ ಹಿಡಿದಿತ್ತು. ಪ್ರತ್ಯಾಹಾರ ಎಂದು ಹಿಗ್ಗಿದೆ. ಅವಳು ಮಾತ್ರ, “ತೂಕಡಿಸ್ತಿದ್ರಿ” ಅಂದಳು. ನಾಳೆ ಮತ್ತೆ ಕೂತು ನೋಡಬೇಕು.

ನಮಸ್ಕಾರ.